‘ದಿ ಪೊಯೆಟ್ ಎಕ್ಸ್’ ಓದಿದವರು ಬನ್ನಿ: ಸಿಯೊಮಾರಾಗೆ ಧೈರ್ಯ ಎಲ್ಲಿಂದ ಬಂತು?

ಜಗಲಿಕಟ್ಟೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಬೇಸಿಗೆ ರಜೆಯಲ್ಲಿ ಎಲಿಜಬೆತ್ ಅಸೆವೆಡೊ ಪದ್ಯರೂಪದಲ್ಲಿ ಬರೆದ ‘ದಿ ಪೊಯೆಟ್ ಎಕ್ಸ್’ ಕಾದಂಬರಿಯನ್ನು ಎರಡು ಸಲ ಓದಿದೆ. ಮೊದಲ ಸಲ ಕತೆಗೋಸ್ಕರ. ಎರಡನೇ ಸಲ ಒಂದೇ ಒಂದು ವಿಷಯ ಹುಡುಕಿಕೊಂಡು. ಅದನ್ನು ನಿಮ್ಮ ಮುಂದೆ ಇಡಬೇಕು ಅನ್ನಿಸಿತು. ಕತೆಯ ಕೊನೆಯನ್ನೂ ಹೇಳುತ್ತೇನೆ, ಹಾಗಾಗಿ ಇನ್ನೂ ಓದದವರು ಓದಿಕೊಂಡು ಬಂದರೆ ಒಳ್ಳೆಯದು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಪುಸ್ತಕ ಬಂದಿದ್ದು 2018ರಲ್ಲಿ. ಅದೇ ವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಸಿಕ್ಕಿತು. 2019ರಲ್ಲಿ ಪ್ರಿಂಟ್ಜ್ ಪ್ರಶಸ್ತಿ, ಬ್ರಿಟನ್ನಿನ ಕಾರ್ನೆಗಿ ಪದಕ ಎರಡೂ ಬಂದವು. ಕತೆ ನಡೆಯುವುದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಹುಡುಗಿಯ ಹೆಸರು ಸಿಯೊಮಾರಾ ಬತೀಸ್ತಾ, ವಯಸ್ಸು 15. ಇಂಗ್ಲಿಷಿನಲ್ಲಿ ಹೆಸರು ಶುರುವಾಗುವುದು ಎಕ್ಸ್ ಅಕ್ಷರದಿಂದ, ಪುಸ್ತಕದ ಹೆಸರಿನ ಎಕ್ಸ್ ಅದೇ. ಅಪ್ಪ ಅಮ್ಮ ಡೊಮಿನಿಕನ್ ರಿಪಬ್ಲಿಕ್‌ನಿಂದ ಬಂದವರು. ಅಮ್ಮ ಕ್ವೀನ್ಸ್‌ನ ಒಂದು ಆಫೀಸು ಕಟ್ಟಡದಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸ ಮಾಡುತ್ತಾಳೆ. ದೈವಭಕ್ತೆ, ಅಂತಿಂಥ ಭಕ್ತೆಯಲ್ಲ. ಸಿಯೊಮಾರಾಗೆ ಒಬ್ಬ ಅವಳಿ ಅಣ್ಣ ಇದ್ದಾನೆ, ಅವನನ್ನು ಅವಳು ಕರೆಯುವುದೇ ‘ಟ್ವಿನ್’ ಎಂದು. ಅವನು ಸಣ್ಣಗೆ, ಓದಿನಲ್ಲಿ ಜಾಣ. ಇವಳು ಎತ್ತರ, ತುಂಬಿದ ಮೈ, ಮಾತು ಕಮ್ಮಿ. ಬೀದಿಯಲ್ಲಿ ಹೋಗುವಾಗ ಗಂಡಸರ ಕಣ್ಣು, ಬಾಯಿ, ಕೆಲವು ಸಲ ಕೈ ಕೂಡ ಸುಮ್ಮನಿರುವುದಿಲ್ಲ. ಹಾಗಾಗಿ ಇವಳು ಮುಷ್ಟಿಯಲ್ಲೇ ಉತ್ತರ ಕೊಡುವುದನ್ನು ಕಲಿತಿದ್ದಾಳೆ. ಮನಸ್ಸಿನ ಮಾತೆಲ್ಲ ಪದ್ಯವಾಗಿ ಒಂದು ನೋಟ್‌ಬುಕ್ಕಿನಲ್ಲಿ.

ಈಗ ನಾನು ಹುಡುಕಿದ್ದು ಏನು ಎಂದು ಹೇಳುತ್ತೇನೆ.

ಅವಳ ಇಂಗ್ಲಿಷ್ ಟೀಚರ್ ಮಿಸ್ ಗಲಿಯಾನೊ ಶಾಲೆ ಶುರುವಾದ ಹೊಸತರಲ್ಲಿ ಒಂದು ಬರವಣಿಗೆ ಕೊಡುತ್ತಾರೆ. ನಿನ್ನ ಬದುಕನ್ನು ತುಂಬಾ ಬದಲಿಸಿದ ದಿನ ಯಾವುದು, ಬರೆ. ಸಿಯೊಮಾರಾ ಕಚ್ಚಾ ಪ್ರತಿಯಲ್ಲಿ ತಾನು ಮೊದಲ ಸಲ ಮುಟ್ಟಾದ ದಿನದ ಬಗ್ಗೆ ಬರೆಯುತ್ತಾಳೆ. ಏನು ಮಾಡಬೇಕು ಎಂದು ತಿಳಿಯದೆ ತಾನೇ ಟ್ಯಾಂಪನ್ ತಂದುಕೊಂಡಿದ್ದು, ಅದು ಗೊತ್ತಾಗಿ ಅಮ್ಮ ಕಪಾಳಕ್ಕೆ ಹೊಡೆದಿದ್ದು. ಆದರೆ ಟೀಚರಿಗೆ ಕೊಡುವುದು ಬೇರೆಯೇ ಹಾಳೆ. ಅದರಲ್ಲಿ 12ನೇ ಹುಟ್ಟುಹಬ್ಬಕ್ಕೆ ಅಣ್ಣ ಊಟದ ದುಡ್ಡು ಉಳಿಸಿ ನೋಟ್‌ಬುಕ್ ತಂದುಕೊಟ್ಟ ಕತೆ ಇದೆ. ಅದೂ ಸುಳ್ಳಲ್ಲ. ಚೆನ್ನಾಗಿಯೂ ಇದೆ. ಆದರೆ ಒಳಗೆ ಉರಿಯುತ್ತಿದ್ದದ್ದು ಅದಲ್ಲ, ಅಲ್ವಾ?

ಪುಸ್ತಕದ ಉದ್ದಕ್ಕೂ ಹೀಗೇ. ಪ್ರತಿ ಬರವಣಿಗೆಗೂ ಎರಡು ರೂಪ. ಒಂದು ತನಗೆ, ಒಂದು ಟೀಚರಿಗೆ. ಕೊನೆಯ ಬರವಣಿಗೆಗೆ ಬಂದಾಗ ತಲೆಬರಹದಲ್ಲೇ ಇದೆ, ಮೊದಲ ಪ್ರತಿಯೂ ಇದೇ, ಕೊನೆಯ ಪ್ರತಿಯೂ ಇದೇ ಎಂದು. ಮೊದಲ ಓದಿನಲ್ಲಿ ನಾನು ಆ ಸಾಲನ್ನು ಹಾಗೇ ದಾಟಿಕೊಂಡು ಹೋಗಿದ್ದೆ. ಎರಡನೇ ಸಲ ಅಲ್ಲಿ ನಿಂತುಬಿಟ್ಟೆ. ಅವಳಿಗೆ ಧೈರ್ಯ ಬಂದಿದ್ದು ಪದ್ಯ ಹೇಳಲು ವೇದಿಕೆ ಹತ್ತಿದಾಗ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವಳು ಎರಡು ಹಾಳೆಯ ಬದಲು ಒಂದೇ ಹಾಳೆ ಬರೆದಳಲ್ಲ, ಧೈರ್ಯ ಕಾಣುವುದು ಅಲ್ಲಿ.

ನಿಮಗೇನು ಅನ್ನಿಸಿತು?

ಪುಟತಿರುವಿ

ಮೇಡಂ, ನಾನು ಬಿ.ಎ. ಎರಡನೇ ವರ್ಷ. ನಿಮ್ಮ ಪೋಸ್ಟ್ ಓದಿ ಎದ್ದು ಹೋಗಿ ಪುಸ್ತಕ ತೆಗೆದು ನೋಡಿದೆ. ಹೌದು, ಹಾಗೇ ಇದೆ. ಇಷ್ಟು ದಿನ ಗಮನಿಸಿರಲೇ ಇಲ್ಲ.

ನನಗೆ ಈ ಪುಸ್ತಕ ತುಂಬಾ ಹತ್ತಿರ, ಅದಕ್ಕೆ ಕಾರಣ ಮೈ. ನಾನು ಏಳನೇ ಕ್ಲಾಸಿನಲ್ಲೇ ಈಗಿನಷ್ಟು ಎತ್ತರ ಇದ್ದೆ. ನೆಂಟರ ಮನೆಗೆ ಹೋದರೆ ಮೊದಲ ಮಾತೇ ‘ಏನು ತಿನ್ನಿಸ್ತೀರಿ ಇವಳಿಗೆ’. ಬಸ್ಸಿನಲ್ಲಿ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಲ್ಲುವುದನ್ನು ಯಾರೂ ಹೇಳಿಕೊಡಲಿಲ್ಲ, ತಾನೇ ಬಂತು. ಬೆನ್ನು ಗೂನು ಮಾಡಿಕೊಂಡು ನಡೆಯುತ್ತಿದ್ದೆ. ಈಗಲೂ ಫೋಟೊ ತೆಗೆಯುವಾಗ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತೇನೆ.

ಈ ತರಹದ ಹುಡುಗಿಯ ಕತೆ ಅಂದರೆ ನನಗೆ ಒಂದು ಭಯ ಇತ್ತು. ಕೊನೆಗೆ ತೆಳ್ಳಗಾಗುತ್ತಾಳೆ, ಇಲ್ಲವೇ ಒಬ್ಬ ಹುಡುಗ ಬಂದು ‘ನೀನು ಚೆಂದ’ ಎಂದು ಹೇಳಿ ಎಲ್ಲ ಸರಿಮಾಡುತ್ತಾನೆ. ಇಲ್ಲಿ ಎರಡೂ ಆಗುವುದಿಲ್ಲ. ಅವಳ ಮೈ ಕೊನೆಯ ಪುಟದವರೆಗೂ ಹಾಗೇ ಇರುತ್ತದೆ. ಅಮಾನ್ ಎಂಬ ಹುಡುಗ ಬರುತ್ತಾನೆ, ನಿಜ. ಬಯಾಲಜಿ ಕ್ಲಾಸಿನಲ್ಲಿ ಜೊತೆಗಾರ, ಟ್ರಿನಿಡಾಡ್ ಕಡೆಯವನು, ಒಳ್ಳೆಯವನು. ಪಾರ್ಕಿನಲ್ಲಿ ಕೂತು ಅವಳ ಪದ್ಯ ಕೇಳುತ್ತಾನೆ. ಆದರೆ ಶಾಲೆಯಲ್ಲಿ ಒಬ್ಬ ಹುಡುಗ ಅವಳ ಮೈ ಮುಟ್ಟಿದಾಗ ಇವನು ಅಲ್ಲೇ ಇದ್ದೂ ಏನೂ ಮಾಡುವುದಿಲ್ಲ. ಅವಳೇ ತಿರುಗಿ ನಿಲ್ಲುತ್ತಾಳೆ. ಆ ಭಾಗ ಓದುವಾಗ ನನಗೆ ಅಮಾನ್ ಮೇಲೆ ಅವಳಿಗಿಂತ ಜಾಸ್ತಿ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಲೇಖಕಿ ಬೇಕೆಂದೇ ಹಾಗೆ ಮಾಡಿದ್ದಾರೆ ಅನ್ನಿಸುತ್ತದೆ.

ಕರಾವಳಿಯ ಅಮ್ಮ

ನಾನು ಇಲ್ಲಿ ಜಾಸ್ತಿ ಬರೆಯುವವಳಲ್ಲ. ಓದಿ ಸುಮ್ನೆ ಹೋಗುತ್ತೇನೆ. ಆದರೆ ಈ ಪುಸ್ತಕದ ಬಗ್ಗೆ ಒಂದು ಮಾತು ಹೇಳಲೇಬೇಕು.

ನನ್ನ ಮಗಳಿಗೆ 14 ತುಂಬಿತು. ಅವಳು ಗೆಳತಿಯಿಂದ ತಂದು ಓದುತ್ತಿದ್ದಳು. ಏನು ಓದುತ್ತಾಳೆ ನೋಡೋಣ ಎಂದು ನಾನೂ ಹಿಡಿದೆ. ಅಮ್ಮನ ಪಾತ್ರ ಬಂದಾಗಲೆಲ್ಲ ನನಗೆ ಎದೆ ಹಿಡಿದ ಹಾಗೆ ಆಯಿತು. ಮಗಳು ಹುಡುಗನ ಜೊತೆ ಇದ್ದದ್ದು ಗೊತ್ತಾದ ಮೇಲೆ ಅವಳನ್ನು ಮೇರಿ ಮಾತೆಯ ಮುಂದೆ ಅಕ್ಕಿ ಕಾಳಿನ ಮೇಲೆ ಮೊಣಕಾಲೂರಿ ಕೂರಿಸುತ್ತಾಳೆ. ನಮ್ಮ ಶಾಲೆಯಲ್ಲಿ ಜಲ್ಲಿ ಕಲ್ಲಿನ ಅಂಗಳದಲ್ಲಿ ಮಂಡಿಯೂರಿಸುತ್ತಿದ್ದರು. ನನ್ನ ಎಡಗಾಲಿನ ಮಂಡಿಯಲ್ಲಿ ಇನ್ನೂ ಒಂದು ಕಪ್ಪು ಗುರುತು ಇದೆ. ಹಾಗಾಗಿ ಆ ಪುಟವನ್ನು ನಾನು ಮಗಳ ಜಾಗದಲ್ಲಿ ನಿಂತು ಓದಿದೆ.

ಆದರೆ ನೋಟ್‌ಬುಕ್ಕಿನ ಭಾಗ ಬಂದಾಗ ನಾನು ಅಮ್ಮನ ಜಾಗದಲ್ಲಿದ್ದೆ. ಅವಳು ಮಗಳ ನೋಟ್‌ಬುಕ್ ಓದುತ್ತಾಳೆ. ಓದಿ ಸುಟ್ಟುಹಾಕುತ್ತಾಳೆ.

ನಾನು ಸುಟ್ಟಿಲ್ಲ. ಆದರೆ ಹೋದ ವರ್ಷ ನನ್ನ ಮಗಳ ಡೈರಿ ಓದಿದ್ದೇನೆ. ಹಾಸಿಗೆ ಒಣಗಿಸಲು ಎತ್ತಿದಾಗ ಸಿಕ್ಕಿತು. ನಿಂತುಕೊಂಡೇ ಓದಿದೆ. ಅದರಲ್ಲಿ ನನ್ನ ಬಗ್ಗೆ ನಾಲ್ಕು ಸಾಲು ಇತ್ತು. ಮತ್ತೆ ಅಲ್ಲೇ ಇಟ್ಟೆ. ಅವಳಿಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಪ್ರಶ್ನೆ ಇಷ್ಟೇ. ಈ ಪುಸ್ತಕ ಅಮ್ಮನನ್ನು ತೀರಾ ಕೆಟ್ಟವಳ ಹಾಗೆ ತೋರಿಸಿದೆಯಾ, ಅಥವಾ ನಾವೇ ಹಾಗಿದ್ದೇವಾ?

ಜಗಲಿಕಟ್ಟೆ

ಅಕ್ಕಾ, ನೀವು ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಸುಲಭದ ಮಾತಲ್ಲ ಇದು.

ನನ್ನ ಪ್ರಕಾರ ಲೇಖಕಿ ಆ ಅಮ್ಮನಿಗೆ ಅನ್ಯಾಯ ಮಾಡಿಲ್ಲ. ನೆನಪಿದೆಯಾ, ಆ ಅಮ್ಮನಿಗೆ ಚಿಕ್ಕಂದಿನಲ್ಲಿ ನನ್, ಅಂದರೆ ಕ್ರೈಸ್ತ ಸನ್ಯಾಸಿನಿ, ಆಗುವ ಆಸೆ ಇತ್ತು. ಅಮೆರಿಕಕ್ಕೆ ಬರುವ ದಾರಿ ಎಂದು ಮನೆಯವರು ಮದುವೆ ಮಾಡಿದರು. ಗಂಡ ಹೆಂಗಸರ ಹಿಂದೆ ಹೋಗುತ್ತಿದ್ದವನು. ಎಷ್ಟೋ ವರ್ಷ ಮಕ್ಕಳಿಲ್ಲ, ವಯಸ್ಸು ಮೀರಿದ ಮೇಲೆ ಅವಳಿ ಮಕ್ಕಳು. ದೇವರು ಕೊಟ್ಟ ಮಕ್ಕಳು ಎಂದು ನಂಬಿದ್ದಾಳೆ. ಅಂಥ ಮಗಳು ಚರ್ಚಿನಲ್ಲಿ ಕೊಟ್ಟ ಪ್ರಸಾದವನ್ನು ನುಂಗದೆ ಬೆಂಚಿನ ಕೆಳಗೆ ಅಂಟಿಸಿ ಬರುತ್ತಾಳೆ. ಅಮ್ಮನ ಭಯ ಎಲ್ಲಿಂದ ಬಂತು ಎಂದು ಪುಸ್ತಕ ನಮಗೆ ತೋರಿಸುತ್ತದೆ. ಹಾಗೆಂದು ಬೆಂಕಿ ಹಚ್ಚಿದ್ದು ಸರಿ ಎಂದು ಎಲ್ಲೂ ಹೇಳುವುದಿಲ್ಲ. ಎರಡೂ ಒಟ್ಟಿಗೆ ಇವೆ.

ಆ ಬೆಂಕಿಯ ಪುಟ ಇನ್ನೊಮ್ಮೆ ನೋಡಿ. ಒಂದು ಕಡೆ ಅಮ್ಮ ಪ್ರಾರ್ಥನೆ ಹೇಳುತ್ತಿದ್ದಾಳೆ, ಇನ್ನೊಂದು ಕಡೆ ಮಗಳು ಸುಡುತ್ತಿರುವ ಪದ್ಯಗಳನ್ನೇ ಬಾಯಿಪಾಠದಿಂದ ಹೇಳುತ್ತಿದ್ದಾಳೆ. ಇಬ್ಬರೂ ತಮಗೆ ಗೊತ್ತಿರುವ ಪವಿತ್ರವಾದ ಮಾತನ್ನೇ ಹಿಡಿದುಕೊಂಡಿದ್ದಾರೆ. ಒಬ್ಬರಿಗೆ ಒಬ್ಬರ ಮಾತು ಕೇಳಿಸುತ್ತಿಲ್ಲ. ನನಗೆ ಇಡೀ ಕಾದಂಬರಿಯಲ್ಲಿ ಇದಕ್ಕಿಂತ ದೊಡ್ಡ ಪುಟ ಇಲ್ಲ.

ಹಳೇಮೇಷ್ಟ್ರು

ನಾನು ಅಥಣಿ ಕಡೆಯವನು, 31 ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಮೊಮ್ಮಗಳು ಕೊಟ್ಟಳೆಂದು ಓದಿದೆ. ಕತೆ ಮನಸ್ಸಿಗೆ ತಟ್ಟಿತು. ಆದರೆ ಒಂದು ತಕರಾರು ಇದೆ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಇದು ಪದ್ಯವೇ? ಗದ್ಯವನ್ನು ಮುರಿದು ಸಾಲು ಸಾಲಾಗಿ ಜೋಡಿಸಿದ ಹಾಗೆ ಕಾಣುತ್ತದೆ. ಪ್ರಾಸ ಇಲ್ಲ, ಮಾತ್ರೆ ಇಲ್ಲ. ಕತೆಯನ್ನು ಪದ್ಯದಲ್ಲಿ ಹೇಳುವುದು ನಮಗೆ ಹೊಸದಲ್ಲ. ‘ಗೋವಿನ ಹಾಡು’ ಗೊತ್ತಿಲ್ಲದ ಕನ್ನಡದ ಮಗು ಇದೆಯೇ? ಅದರಲ್ಲಿ ಒಂದು ಲಯ ಇದೆ, ಹಾಡಿದರೆ ಹಸುವಿನ ದುಃಖ ತಾನಾಗಿ ಗಂಟಲಿಗೆ ಬರುತ್ತದೆ. ಇಲ್ಲಿ ಅದು ನನಗೆ ಸಿಗಲಿಲ್ಲ. ಗಲಿಯಾನೊ ಟೀಚರ್ ಪಾತ್ರ ಮಾತ್ರ ತುಂಬಾ ಹಿಡಿಸಿತು. ಆಕೆ ಹುಡುಗಿಯನ್ನು ಎಳೆದುಕೊಂಡು ಹೋಗುವುದಿಲ್ಲ, ಬಾಗಿಲು ತೆರೆದು ಕಾಯುತ್ತಾಳೆ.

ಎರಡುನುಡಿ

ಸರ್, ನಾನು ಸ್ವಲ್ಪ ಅನುವಾದ ಮಾಡುತ್ತೇನೆ. ನಿಮ್ಮ ತಕರಾರು ನನ್ನದೂ ಆಗಿತ್ತು, ಕಿವಿಯಲ್ಲಿ ಕೇಳುವವರೆಗೆ. ಈ ಪುಸ್ತಕದ ಆಡಿಯೊ ಇದೆ, ಅಸೆವೆಡೊ ಅವರೇ ಓದಿದ್ದಾರೆ. ದಯವಿಟ್ಟು ಒಂದು ಹತ್ತು ನಿಮಿಷ ಕೇಳಿ. ಕಾಗದದ ಮೇಲೆ ಮುರಿದ ಸಾಲು ಅನ್ನಿಸುವುದು ಬಾಯಲ್ಲಿ ಉಸಿರು ತೆಗೆದುಕೊಳ್ಳುವ ಜಾಗ ಆಗುತ್ತದೆ.

ಇದಕ್ಕೆ ಹಿನ್ನೆಲೆ ಇದೆ. ಅಸೆವೆಡೊ ಬರಹಗಾರ್ತಿ ಆಗುವ ಮುಂಚಿನಿಂದಲೂ ‘ಸ್ಲ್ಯಾಮ್’, ಅಂದರೆ ವೇದಿಕೆಯಲ್ಲಿ ಪದ್ಯ ಹೇಳುವ ಸ್ಪರ್ಧೆ, ಅದರ ಕಡೆಯವರು, ಅಮೆರಿಕದ ರಾಷ್ಟ್ರ ಮಟ್ಟದಲ್ಲಿ ಗೆದ್ದವರು. ಸ್ಲ್ಯಾಮ್ ಶುರುವಾಗಿದ್ದು 1980ರ ದಶಕದಲ್ಲಿ ಶಿಕಾಗೊದಲ್ಲಿ, ಮಾರ್ಕ್ ಸ್ಮಿತ್ ಎಂಬ ಕವಿಯಿಂದ. ನಿಯಮ ಸರಳ. ಪದ್ಯ ನಿನ್ನದೇ ಆಗಿರಬೇಕು. ಮೂರು ನಿಮಿಷ. ವೇಷ, ವಾದ್ಯ ಯಾವುದೂ ಇಲ್ಲ. ಸಭೆಯಲ್ಲಿ ಕೂತವರಲ್ಲೇ ಐದು ಜನರನ್ನು ಆರಿಸಿ, ಅವರಿಂದ ಸೊನ್ನೆಯಿಂದ 10ರವರೆಗೆ ಅಂಕ ಹಾಕಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚಿನದು, ಎಲ್ಲಕ್ಕಿಂತ ಕಮ್ಮಿಯದು ಎರಡನ್ನೂ ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ. ಪಂಡಿತರೇ ತೀರ್ಪು ಕೊಡಬೇಕು ಎಂದಿಲ್ಲ, ಕೇಳುವವರೇ ಕೊಡುತ್ತಾರೆ. ಸಿಯೊಮಾರಾ ಪದ್ಯ ಓದುವ ನ್ಯೂಯೊರಿಕನ್ ಪೊಯೆಟ್ಸ್ ಕೆಫೆ ನಿಜವಾಗಿಯೂ ಇರುವ ಜಾಗ, 1973ರಲ್ಲಿ ಶುರುವಾದದ್ದು.

ಇನ್ನೊಂದು ಮಾತು, ಇದು ನನ್ನ ಕೆಲಸದ ಕಡೆಯಿಂದ. ಈ ಪುಸ್ತಕವನ್ನು ಕನ್ನಡಕ್ಕೆ ತರುವುದಾದರೆ ಹೇಗೆ ಎಂದು ಯೋಚಿಸುತ್ತಾ ನಾಲ್ಕೈದು ಪದ್ಯ ಪ್ರಯತ್ನ ಮಾಡಿದೆ. ಎಲ್ಲಕ್ಕಿಂತ ಕಷ್ಟ ಸ್ಪ್ಯಾನಿಷ್. ಅಮ್ಮ ಬೈಯುವುದು ಸ್ಪ್ಯಾನಿಷಿನಲ್ಲಿ, ಶಾಲೆ ನಡೆಯುವುದು ಇಂಗ್ಲಿಷಿನಲ್ಲಿ, ಹುಡುಗಿಯ ಪದ್ಯದಲ್ಲಿ ಎರಡೂ ಬೆರೆತಿವೆ. ಅದನ್ನೆಲ್ಲ ಒಂದೇ ಕನ್ನಡ ಮಾಡಿದರೆ ಅವಳ ಮನೆಯೇ ಕಳೆದುಹೋಗುತ್ತದೆ. ನಮ್ಮ ಮನೆಯಲ್ಲಿ ಮಾತು ತೆಲುಗು. ಬೀದಿ, ಶಾಲೆ, ಗೆಳೆಯರು ಎಲ್ಲ ಕನ್ನಡ. ಅಮ್ಮ ಸಿಟ್ಟು ಬಂದಾಗ ಕನ್ನಡದಲ್ಲಿ ಒಂದು ದಿನವೂ ಬೈದಿಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಉರ್ದುವೋ ಆಡುವ ಮಕ್ಕಳಿಗೆ ಸಿಯೊಮಾರಾಳ ಈ ಎರಡು ನಾಲಗೆ ತಟ್ಟನೆ ಅರ್ಥವಾಗುತ್ತದೆ. ಹಾಗಾಗಿ ಅಮ್ಮನ ಬೈಗುಳವನ್ನು ಸ್ಪ್ಯಾನಿಷಿನಲ್ಲೇ ಬಿಟ್ಟೆ, ಕನ್ನಡ ಅಕ್ಷರದಲ್ಲಿ. ಅರ್ಥ ಹೇಳಲಿಲ್ಲ. ಬೈಗುಳ ಅರ್ಥವಾಗಲು ನಿಘಂಟು ಬೇಕಾಗಿಲ್ಲ ಎಂದು ನನ್ನ ನಂಬಿಕೆ.

ಹಳೇಮೇಷ್ಟ್ರು

ಕೇಳಿದೆನಪ್ಪಾ. ಹತ್ತು ನಿಮಿಷ ಎಂದು ಕೂತವನು ಊಟದ ಹೊತ್ತು ಮೀರಿದರೂ ಏಳಲಿಲ್ಲ. ನನ್ನ ತಕರಾರು ಹಿಂದೆ ತೆಗೆದುಕೊಂಡೆ. ಇದು ಕಣ್ಣಿನ ಪದ್ಯವಲ್ಲ, ಕಿವಿಯ ಪದ್ಯ.

ಸ್ಲ್ಯಾಮ್ ವಿಷಯ ಓದಿ ನನಗೆ ನೆನಪಾಗಿದ್ದು ನಮ್ಮ ಕಡೆಯ ಗೀಗೀ ಮೇಳ. ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ಡಪ್ಪು, ತುಂತುಣಿ, ಹಿಂದೆ ‘ಗೀಯ ಗಾ’ ಎನ್ನುವ ಸೊಲ್ಲು. ಜಾತ್ರೆಯಲ್ಲಿ ರಾತ್ರಿ ಶುರುವಾದರೆ ಬೆಳಗಿನವರೆಗೆ ಸವಾಲು ಜವಾಬು. ನಾನು ಹುಡುಗನಾಗಿದ್ದಾಗ ಒಬ್ಬ ಹೆಣ್ಣುಮಗಳು ನಾಗೇಶಿ ಹಾಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಗಲು ನಮ್ಮ ಓಣಿಯಲ್ಲಿ ಸೆರಗು ಮುಂದೆ ಎಳೆದುಕೊಂಡು ತಲೆ ತಗ್ಗಿಸಿ ಹೋಗುತ್ತಿದ್ದ ಹೆಂಗಸು. ಡಪ್ಪಿನ ಪೆಟ್ಟು ಬಿದ್ದ ಕೂಡಲೇ ನೆಟ್ಟಗೆ ನಿಂತು, ಎದುರಿನ ಮೇಳದ ಗಂಡಸಿಗೆ ಹೆಸರು ಹಿಡಿದು ಸವಾಲು ಹಾಕಿದಳು. ಜನ ಎದ್ದು ನಿಂತು ಶಿಳ್ಳೆ ಹೊಡೆದರು. ಅವಳನ್ನು ಬೆಳಗ್ಗೆ ಬಾವಿಯ ಹತ್ತಿರ ನೋಡಿದೆ. ಮತ್ತೆ ಅದೇ ತಲೆ ತಗ್ಗಿಸಿದ ನಡಿಗೆ.

ಅದಕ್ಕೇ ಜಗಲಿಕಟ್ಟೆ ಮೇಡಂ ಹೇಳಿದ ಮಾತು ನನಗೆ ಸರಿ ಎನಿಸುತ್ತದೆ. ವೇದಿಕೆಯ ಧೈರ್ಯ ವೇದಿಕೆಯಲ್ಲೇ ಉಳಿದುಬಿಡಬಹುದು. ಅದು ಮನೆಗೆ ಬರಬೇಕು. ಸಿಯೊಮಾರಾ ದೊಡ್ಡ ಸ್ಪರ್ಧೆಗೆ ಮುಂಚೆ ತನ್ನ ಮನೆಯ ಹಾಲಿನಲ್ಲಿ, ಅಪ್ಪ ಅಮ್ಮನ ಮುಂದೆ ನಿಂತು ಪದ್ಯ ಹೇಳುತ್ತಾಳಲ್ಲ, ನನಗೆ ಆ ಜಾಗ ಸ್ಪರ್ಧೆಗಿಂತ ಹೆಚ್ಚು.

ದೂರದ ಓದುಗ

ನಾನು ನ್ಯೂಜೆರ್ಸಿಯಲ್ಲಿ ಇದ್ದೇನೆ, ಮೂಲ ಹಾಸನ. ಮಗ ಹೈಸ್ಕೂಲಿನಲ್ಲಿ ಈ ಪುಸ್ತಕ ಓದಿದ. ಇಲ್ಲಿನ ಒಂದೆರಡು ವಿಷಯ ಸೇರಿಸುತ್ತೇನೆ.

ಅಸೆವೆಡೊ ಮೇರಿಲ್ಯಾಂಡಿನಲ್ಲಿ ಎಂಟನೇ ಕ್ಲಾಸಿಗೆ ಇಂಗ್ಲಿಷ್ ಟೀಚರ್ ಆಗಿದ್ದರು. ಅವರ ಕ್ಲಾಸಿನಲ್ಲಿ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಮಕ್ಕಳೇ ಜಾಸ್ತಿ. ಒಬ್ಬ ಹುಡುಗಿಗೆ ಏನು ಕೊಟ್ಟರೂ ಓದುತ್ತಿರಲಿಲ್ಲ. ಕೇಳಿದರೆ, ಈ ಪುಸ್ತಕಗಳಲ್ಲಿ ಇರುವವರು ನಮ್ಮ ಹಾಗಿಲ್ಲ ಎಂದಳಂತೆ. ಅಸೆವೆಡೊ ಹಾಗಿರುವ ಪುಸ್ತಕಗಳನ್ನು ತಂದುಕೊಟ್ಟರು, ಅವಳು ಅವೆಲ್ಲ ಬೇಗ ಬೇಗ ಓದಿ ಮುಗಿಸಿ ಇನ್ನೂ ಕೊಡಿ ಎಂದಳು. ಕೊಡಲು ಇನ್ನು ಪುಸ್ತಕ ಇರಲಿಲ್ಲ. ಅಲ್ಲಿಂದ ತಾನೇ ಬರೆಯುವ ಯೋಚನೆ ಬಂತು ಎಂದು ಅವರು ಹೇಳಿಕೊಂಡಿದ್ದಾರೆ.

ಎಲ್ಲರೂ ಒಪ್ಪಿಕೊಂಡರು ಎಂದೇನಿಲ್ಲ. ಪುಸ್ತಕ ಕ್ರೈಸ್ತ ಧರ್ಮದ ವಿರುದ್ಧ ಇದೆ ಎಂದು ನಾರ್ತ್ ಕೆರೊಲಿನಾದಲ್ಲಿ ಒಬ್ಬ ವಿದ್ಯಾರ್ಥಿಯ ತಂದೆ ತಾಯಿ 2020ರಲ್ಲಿ ಕೋರ್ಟಿಗೆ ಹೋದರು. ಪಾಠವನ್ನು ತಕ್ಷಣ ನಿಲ್ಲಿಸಿ ಎಂಬ ಬೇಡಿಕೆಯನ್ನು ನ್ಯಾಯಾಧೀಶರು ಒಪ್ಪಲಿಲ್ಲ. ನನಗೆ ಈ ಆಕ್ಷೇಪ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಪುಸ್ತಕದ ಮೂರು ಭಾಗಗಳ ಹೆಸರೇ ಬೈಬಲ್ಲಿನಿಂದ ಬಂದಿವೆ. ಮನೆ ಬಿಟ್ಟು ಬಂದ ಹುಡುಗಿ ಮತ್ತೆ ಅಮ್ಮನ ಹತ್ತಿರ ಮಾತಾಡಲು ಸಹಾಯಕ್ಕೆ ಕರೆಯುವುದು ಚರ್ಚಿನ ಫಾದರ್ ಶಾನ್ ಅವರನ್ನೇ. ಅವಳ ಕೊನೆಯ ಬರವಣಿಗೆ, ಅದೇ ಒಂದೇ ಪ್ರತಿಯದ್ದು, ಬೈಬಲ್ಲಿನ ಕೀರ್ತನೆಗಳ ಪುಸ್ತಕದ ಒಂದು ಮಾತಿನ ಬಗ್ಗೆ. ಮಾತು ಬಿಡಿಸಿಕೊಂಡಾಗ ಬೆಳಕು ಬರುತ್ತದೆ ಎಂಬ ಅರ್ಥದ್ದು. ದೇವರನ್ನು ಬೈದು ಎದ್ದು ಹೋದವಳು ಹಾಗೆ ಬರೆಯುತ್ತಾಳಾ? ಅವಳು ಪ್ರಶ್ನೆ ಕೇಳುತ್ತಿದ್ದಳು, ಅಷ್ಟೇ. ಅಕ್ಕಮಹಾದೇವಿಯನ್ನು ಓದಿಕೊಂಡು ಬಂದ ನಮಗೆ ಇದು ಗಾಬರಿಯ ವಿಷಯ ಆಗಬಾರದು. ಮೈಯ ಮಾತು, ದೇವರ ಮಾತು ಒಂದೇ ಬಾಯಲ್ಲಿ ಬರಬಹುದು ಎಂದು ಅಕ್ಕ ಹನ್ನೆರಡನೇ ಶತಮಾನದಲ್ಲೇ ತೋರಿಸಿಲ್ಲವೇ.

ಇನ್ನೊಂದು, ಅವಳಿ ಅಣ್ಣನ ಬಗ್ಗೆ ಯಾರೂ ಹೇಳಲಿಲ್ಲ. ಅವನು ಗೇ. ಮನೆಯಲ್ಲಿ ಹೇಳುವ ಹಾಗಿಲ್ಲ. ಅವನಿಗೆ ತಂಗಿಯ ಹಾಗೆ ನೋಟ್‌ಬುಕ್ ಇಲ್ಲ, ಕೆಫೆ ಇಲ್ಲ. ಕೊನೆಯವರೆಗೂ ಅವನ ಗುಟ್ಟು ಅಪ್ಪ ಅಮ್ಮನವರೆಗೆ ಹೋಗುವುದಿಲ್ಲ. ನನ್ನ ಮಗ ಪುಸ್ತಕ ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ, ‘ಟ್ವಿನ್ ಕತೆ ಯಾರು ಬರೀತಾರೆ ಅಪ್ಪಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಸ್ತಕದಲ್ಲಿ ನನಗೆ ಕೊರತೆ ಎನಿಸಿದ್ದು ಇದೊಂದೇ.

ಪುಟತಿರುವಿ

ಕೊರತೆ ಅಂದಿರಲ್ಲ, ನನಗೂ ಒಂದಿದೆ. ಕೊನೆ ಸ್ವಲ್ಪ ಬೇಗ ಆಯಿತು. ನೋಟ್‌ಬುಕ್ ಸುಟ್ಟ ಅಮ್ಮ ಕೆಲವೇ ವಾರಗಳಲ್ಲಿ ಸ್ಪರ್ಧೆ ನೋಡಲು ಬಂದು ಕೂರುತ್ತಾಳೆ. ನಮ್ಮ ಮನೆಯಲ್ಲಿ ಒಂದು ಜೀನ್ಸ್ ಪ್ಯಾಂಟಿನ ಜಗಳಕ್ಕೇ ಎರಡು ವರ್ಷ ಬೇಕಾಯಿತು.

ಅಂದ ಹಾಗೆ ಇಷ್ಟವಾದವರು ಅವರದೇ ‘ಕ್ಲಾಪ್ ವೆನ್ ಯೂ ಲ್ಯಾಂಡ್’ ಓದಿ, 2020ರದ್ದು. ಅದೂ ಪದ್ಯದಲ್ಲೇ. ಒಬ್ಬ ಅಪ್ಪ, ಎರಡು ದೇಶದಲ್ಲಿ ಎರಡು ಸಂಸಾರ, ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರು ಹೆಣ್ಣುಮಕ್ಕಳು. ವಿಮಾನ ಬಿದ್ದು ಅಪ್ಪ ಹೋದ ಮೇಲೆ ಗುಟ್ಟು ಹೊರಬರುತ್ತದೆ.

ಜಗಲಿಕಟ್ಟೆ

ಒಂದು ತಿಂಗಳಾದ ಮೇಲೆ ಬರುತ್ತಿದ್ದೇನೆ. ಶಾಲೆ ಶುರುವಾಯಿತು. ಒಂದು ಪ್ರಯತ್ನ ಮಾಡಿದೆ, ಅದನ್ನು ಹೇಳುತ್ತೇನೆ.

ಒಂಬತ್ತನೇ ಕ್ಲಾಸಿಗೆ ಬರವಣಿಗೆ ಕೊಟ್ಟೆ. ವಿಷಯ ಅದೇ, ನಿಮ್ಮನ್ನು ಬದಲಿಸಿದ ಒಂದು ದಿನ. ಕನ್ನಡದಲ್ಲಿ ಬರೆದರೂ ಸರಿ, ಇಂಗ್ಲಿಷ್ ತಪ್ಪಾದರೂ ಸರಿ ಎಂದೆ. ಪ್ರತಿ ಮಗುವಿಗೂ ಎರಡು ಹಾಳೆ ಕೊಟ್ಟೆ. ಒಂದು ನನಗೆ ಕೊಡುವುದಕ್ಕೆ. ಇನ್ನೊಂದು ನಿಮ್ಮದು, ನಾನು ಕೇಳುವುದಿಲ್ಲ, ಮನೆಗೆ ಒಯ್ಯಿರಿ, ಹರಿದುಹಾಕಿ, ಏನಾದರೂ ಮಾಡಿ ಎಂದೆ.

ಮೊದಲ ಹತ್ತು ನಿಮಿಷ ಯಾರೂ ಬರೆಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಹುಡುಗ ಎದ್ದು, ‘ಮಿಸ್, ಎರಡನೇ ಹಾಳೆಗೆ ಮಾರ್ಕ್ಸ್ ಇದೆಯಾ?’ ಎಂದು ಕೇಳಿದ. ಇಲ್ಲ ಎಂದೆ. ‘ಹಾಗಾದರೆ ಯಾಕೆ?’ ಎಂದ. ನಾನು ಉತ್ತರ ಹೇಳಲಿಲ್ಲ. ಆಮೇಲೆ ನಿಧಾನಕ್ಕೆ ಪೆನ್ನಿನ ಸದ್ದು ಶುರುವಾಯಿತು.

ನನಗೆ ಬಂದ ಹಾಳೆಗಳಲ್ಲಿ ಜಾಸ್ತಿ ಇದ್ದದ್ದು ಪ್ರವಾಸ ಹೋದದ್ದು, ಕ್ರಿಕೆಟ್ ಗೆದ್ದದ್ದು, ಅಜ್ಜಿ ತೀರಿಕೊಂಡದ್ದು. ಹಿಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂರುತ್ತಾಳೆ. ಹಾಜರಿ ಕರೆದರೆ ಧ್ವನಿ ನನ್ನವರೆಗೆ ಬರುವುದಿಲ್ಲ. ಅವಳು ಕೊಟ್ಟ ಹಾಳೆಯಲ್ಲಿ ಮೂರೇ ಸಾಲು ಇತ್ತು, ಕೊಬ್ಬರಿ ಮಂಡಿಗೆ ಅಪ್ಪನ ಜೊತೆ ಹೋದ ದಿನದ ಬಗ್ಗೆ. ಆದರೆ ಎರಡನೇ ಹಾಳೆ ಸಾಲದೆ ಅವಳು ಗಣಿತದ ನೋಟ್ಸಿನಿಂದ ಮತ್ತೆರಡು ಹಾಳೆ ಹರಿದುಕೊಂಡಿದ್ದಳು. ಗಂಟೆ ಹೊಡೆದರೂ ಬರೆಯುತ್ತಿದ್ದಳು. ನಾನು ಬಾಗಿಲ ಹತ್ತಿರ ನಿಂತು ಕಾದೆ. ಮುಂದಿನ ಪಿರಿಯಡ್ಡಿನ ಮೇಷ್ಟ್ರು ಬಂದರು, ಅವರಿಗೆ ಐದು ನಿಮಿಷ ಕೊಡಿ ಎಂದು ಕೇಳಿಕೊಂಡೆ.

ಅದರಲ್ಲಿ ಏನಿತ್ತು ಎಂದು ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ. ಈಗ ಪ್ರತಿ ಶನಿವಾರ ಎರಡು ಹಾಳೆ ಕೊಡುತ್ತೇನೆ.

ಹಳೇಮೇಷ್ಟ್ರು

ಮೇಡಂ, 31 ವರ್ಷದಲ್ಲಿ ನಾನು ಒಂದು ದಿನವೂ ಎರಡನೇ ಹಾಳೆ ಕೊಟ್ಟಿಲ್ಲ. ಕೊಟ್ಟಿದ್ದರೆ ಚೆನ್ನಾಗಿತ್ತು. ಒಂದು ಎಚ್ಚರಿಕೆ ಮಾತ್ರ. ಮಗು ಬರೆದದ್ದು ಬೇರೆಯವರ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಸಾಧ್ಯವಾದರೆ ಶಾಲೆಯಲ್ಲೇ ಒಂದು ಬೀರುವಿನಲ್ಲಿ ಲಕೋಟೆ ಅಂಟಿಸಿ ಇಡಲು ಬಿಡಿ. ಎಲ್ಲರ ಮನೆಯಲ್ಲೂ ಬಚ್ಚಿಡಲು ಜಾಗ ಇರುವುದಿಲ್ಲ. ಇನ್ನು, ಯಾವ ಮಗುವಾದರೂ ತಾನಾಗಿ ತಂದು ತೋರಿಸಿ, ಅದರಲ್ಲಿ ಯಾರೋ ಹಿಂಸೆ ಕೊಡುತ್ತಿದ್ದಾರೆ ಎಂದಿದ್ದರೆ ಗುಟ್ಟು ಎಂದು ಸುಮ್ಮನಿರಬೇಡಿ. 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ.

ಜಗಲಿಕಟ್ಟೆ

ಲಕೋಟೆಯ ಯೋಚನೆ ನನಗೆ ಹೊಳೆದಿರಲಿಲ್ಲ ಸರ್. ಸೋಮವಾರವೇ ತರುತ್ತೇನೆ. ನಂಬರನ್ನು ಕ್ಲಾಸಿನ ಗೋಡೆಗೂ ಅಂಟಿಸುತ್ತೇನೆ.

ಕರಾವಳಿಯ ಅಮ್ಮ

ನಾನೂ ಒಂದು ವಿಷಯ ಹೇಳಬೇಕು. ಮೊನ್ನೆ ಮಗಳಿಗೆ ಹೇಳಿದೆ, ನಿನ್ನ ಡೈರಿ ಓದಿದ್ದೆ ಎಂದು.

ರಾತ್ರಿ ಮೀನು ಸಾರು ಬಡಿಸುವಾಗ ಹೇಳಬೇಕೆಂದು ಹೊರಟೆ, ಆಗಲಿಲ್ಲ. ಮರುದಿನ ಬಟ್ಟೆ ಮಡಚುತ್ತಾ ಹೇಳಿದೆ. ಅವಳ ಚೂಡಿದಾರದ ಶಾಲು ನನ್ನ ಕೈಯಲ್ಲಿತ್ತು, ಅದನ್ನೇ ನಾಲ್ಕು ಸಲ ಮಡಚಿದೆ. ಅವಳು ಏನೂ ಹೇಳದೆ ಎದ್ದು ಹೋದಳು. ಎರಡು ದಿನ ಮಾತಿಲ್ಲ. ನಾನು ಹೇಳಲೇಬಾರದಿತ್ತು ಅನ್ನಿಸಿತು.

ಮೂರನೇ ದಿನ ಅಡುಗೆ ಮನೆಗೆ ಬಂದು ನಿಂತಳು. ‘ಎಲ್ಲಾ ಓದಿದ್ಯಾ?’ ಎಂದಳು. ಹೌದು ಎಂದೆ. ‘ನಿನ್ನ ಬಗ್ಗೆ ಬರೆದದ್ದೂ?’ ಅದೂ ಓದಿದೆ ಎಂದೆ. ‘ಅದು ನಿಜವೇ’ ಎಂದಳು. ನಾನು, ಗೊತ್ತು ಮಗಾ ಎಂದೆ. ಅಷ್ಟೇ ಆಗಿದ್ದು. ಅಪ್ಪಿಕೊಂಡೆವು, ಅತ್ತೆವು ಎಂದೆಲ್ಲ ಏನೂ ಇಲ್ಲ. ಅವಳು ಇನ್ನೂ ಪೂರ್ತಿ ಸರಿಹೋಗಿಲ್ಲ.

ನಿನ್ನೆ ಪೇಟೆಗೆ ಹೋದಾಗ ಅವಳ ಕಪಾಟಿಗೆ ಒಂದು ಸಣ್ಣ ಬೀಗ ತಂದೆ. ಎರಡು ಕೀ ಇತ್ತು, ಎರಡನ್ನೂ ಅವಳಿಗೇ ಕೊಟ್ಟೆ.